ದೇಶ ಬದಲಿಸುವ ಕೆಲಸ: ಇದುವರೆಗಿನ ದಿನಚರಿ

ಹೊರಡಲು 14 ವಾರ

ವಿದೇಶದ ಕೆಲಸದ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನವೇ ರಟ್ಟಿನ ಪೆಟ್ಟಿಗೆಗಳನ್ನು ತಂದೆ. ಎರಡು ವಾರಾಂತ್ಯ ಪುಸ್ತಕ ತುಂಬುವುದರಲ್ಲೇ ಕಳೆದವು. ಆರು ಪೆಟ್ಟಿಗೆಗಳು ಹಡಗಿನಲ್ಲಿ ಹೋಗಲಿವೆ. ಪೆಟ್ಟಿಗೆ ತುಂಬಿದಷ್ಟೂ ಕೆಲಸ ಮುಗಿದಂತೆ ಕಾಣುತ್ತದೆ, ಕಾಗದಪತ್ರ ತಿರುವಿದಷ್ಟೂ ಬೆಳೆದಂತೆ. ಹಾಗಾಗಿ ಕಾಗದಪತ್ರದ ಕಪಾಟು ಮುಚ್ಚಿಯೇ ಇತ್ತು.

12 ವಾರ

ಕಪಾಟು ತೆರೆದೆ. ಜನನ ಪ್ರಮಾಣಪತ್ರಕ್ಕೂ ಪದವಿಪತ್ರಕ್ಕೂ ಅಪೊಸ್ಟಿಲ್ ಬೇಕು. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಿಂದ ಬಂದ ವ್ಯವಸ್ಥೆ ಇದು. ದಾಖಲೆ ಕೊಟ್ಟ ದೇಶವೇ ಅದರ ಸಹಿ, ಮೊಹರು ಅಸಲಿ ಎಂದು ಹೇಳಿ ಒಂದು ಚೌಕ ಚೀಟಿ ಅಂಟಿಸುತ್ತದೆ. ಚೌಕದ ಬದಿ ಕನಿಷ್ಠ 9 ಸೆಂ.ಮೀ., ಅದರಲ್ಲಿ ಹತ್ತು ಸಾಲು, ತಲೆಬರಹ ಫ್ರೆಂಚಿನಲ್ಲಿ. ದಾಖಲೆಯೊಳಗೆ ಬರೆದದ್ದು ನಿಜವೋ ಸುಳ್ಳೋ ಎಂಬ ಗೊಡವೆ ಆ ಚೀಟಿಗಿಲ್ಲ. ಒಪ್ಪಂದದಲ್ಲಿ ಇಲ್ಲದ ದೇಶಕ್ಕೆ ಹೋಗುವವರಿಗೆ ಇಷ್ಟೂ ಸುಲಭವಿಲ್ಲ. ಅವರು ರಾಯಭಾರ ಕಚೇರಿಯವರೆಗೆ ಮೊಹರಿನ ಮೇಲೆ ಮೊಹರು ಒತ್ತಿಸಿಕೊಂಡು ಅಲೆಯಬೇಕು.

ನನ್ನ ಜನನ ಪ್ರಮಾಣಪತ್ರ ಎಂದೆಂದಿಗೂ ಹಾಳಾಗಬಾರದೆಂದು ಹಿಂದೊಮ್ಮೆ ಮುತುವರ್ಜಿಯಿಂದ ಲ್ಯಾಮಿನೇಟ್ ಮಾಡಿಸಿದ್ದೆ. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, "ಇದರ ಮೇಲೆ ಮೊಹರು ಹೇಗೆ ಒತ್ತಲಿ?" ಎಂದರು. ಪ್ಲಾಸ್ಟಿಕ್ ಸುಲಿಯಲು ಹೋದರೆ ಅಕ್ಷರಗಳೂ ಅದರ ಜೊತೆಗೇ ಏಳುತ್ತವೆ. ಹೊಸ ಪ್ರತಿಗೆ ಅರ್ಜಿ ಹಾಕಿ ಬಂದೆ. ಮೂರು ವಾರ ಹೋಯಿತು.

10 ವಾರ

ಆ ಬಿಡುವಿನಲ್ಲಿ ಇನ್ನೊಂದು ಹುಳುಕು ಸಿಕ್ಕಿತು. ಪದವಿಪತ್ರದಲ್ಲಿ ನನ್ನ ಹೆಸರಿನ ಒಂದು ಭಾಗ ಬರೀ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಪೂರ್ತಿ, ಬ್ಯಾಂಕಿನಲ್ಲಿ ಹಿಂದುಮುಂದು. ಪಾಸ್‌ಪೋರ್ಟಿನ ಕೆಳತುದಿಯಲ್ಲಿ ತಲಾ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ಯಂತ್ರ ಓದುವುದು ಅವನ್ನೇ. ಟಿಕೆಟ್, ವೀಸಾ, ಒಪ್ಪಂದ ಎಲ್ಲದರಲ್ಲೂ ಅಲ್ಲಿರುವಂತೆಯೇ ಹೆಸರು ಬರೆಸಲು ನಿರ್ಧರಿಸಿದೆ. ಮೂವರೂ ನಾನೊಬ್ಬನೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿಕೊಂಡೆ.

6 ವಾರ

ವಿದ್ಯುತ್ ಉಪಕರಣಗಳ ವಿಂಗಡಣೆ. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಎಲ್ಲಿಯೂ ನಡೆಯುತ್ತದೆ. ಇಸ್ತ್ರಿಪೆಟ್ಟಿಗೆಯ ಮೇಲೆ ಹಾಗಿರಲಿಲ್ಲ, ಯಾರಿಗೋ ಕೊಟ್ಟೆ. ಪ್ಲಗ್ ಅಡಾಪ್ಟರ್ ಬದಲಿಸುವುದು ಮುಳ್ಳುಗಳ ಆಕಾರವನ್ನಷ್ಟೇ, ವೋಲ್ಟೇಜನ್ನಲ್ಲ.

3 ವಾರ

ಹೊಸ ಪ್ರತಿಗೆ ಅಪೊಸ್ಟಿಲ್ ಬಂತು. ನನ್ನ ಟಿಕೆಟ್ಟಿನಲ್ಲಿ ಒಂದು ಸೂಟ್‌ಕೇಸಿಗೆ 23 ಕೆ.ಜಿ. ಮಿತಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅದರ ಸಾಮರ್ಥ್ಯ 20,000 ಎಂಎಎಚ್, ಅಂದರೆ 20 ಆಂಪಿಯರ್-ಅವರ್; ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್-ಅವರ್, ವಿಮಾನದ 100ರ ಮಿತಿಯೊಳಗೇ ಇದೆ. ಹಳೆಯ ಮೊಬೈಲ್ ಸಂಖ್ಯೆಯನ್ನು ರದ್ದುಮಾಡಲು ಹೊರಟವನು ಬಾಗಿಲ ಬಳಿಯೇ ನಿಂತೆ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ ತಾನೆ!

ಬಂದು 2 ವಾರ

ಖಾತೆ ತೆರೆಯಲು ಬ್ಯಾಂಕು ವಿಳಾಸ ಕೇಳುತ್ತದೆ. ಮನೆ ಕೊಡಲು ಮಾಲೀಕರು ಸ್ಥಳೀಯ ಖಾತೆ ಕೇಳುತ್ತಾರೆ. ಇಬ್ಬರಿಗೂ ಇಲ್ಲಿನ ಫೋನ್ ಸಂಖ್ಯೆ ಬೇಕು. ಫೋನ್ ಕಂಪನಿಗೆ ಮತ್ತೆ ಬ್ಯಾಂಕ್ ಖಾತೆ! ನಾಲ್ಕು ದಿನ ಈ ಗಾಣ ಸುತ್ತಿದ ಮೇಲೆ ಪ್ರೀಪೇಯ್ಡ್ ಸಿಮ್ ಕೊಂಡೆ, ತಾತ್ಕಾಲಿಕ ವಸತಿಯ ವಿಳಾಸ ನಮೂದಿಸಿ ಕಚೇರಿಯಿಂದ ಪತ್ರ ಬರೆಸಿಕೊಂಡೆ. ಮೊದಲ ಬ್ಯಾಂಕು ಅದನ್ನು ಒಪ್ಪಲಿಲ್ಲ, ಎರಡನೆಯದು ಒಪ್ಪಿತು. ಖಾತೆಯಾದ ಮೇಲೆ ಮನೆ ಸಿಕ್ಕಿತು.

ಕ್ಯಾಲೆಂಡರಿನಲ್ಲಿ ಇಲ್ಲಿರುವ ದಿನಗಳನ್ನು ಗುರುತು ಹಾಕತೊಡಗಿದ್ದೇನೆ. ಅನೇಕ ದೇಶಗಳಲ್ಲಿ ತೆರಿಗೆಯ ಮಟ್ಟಿಗೆ ನೀವು ನಿವಾಸಿಯೇ ಎಂಬ ಪ್ರಶ್ನೆಗೆ 183 ದಿನಗಳ ಲೆಕ್ಕ ಮುಖ್ಯವಾಗುತ್ತದೆ, ಅದೊಂದೇ ಮಾನದಂಡವಲ್ಲದಿದ್ದರೂ. ಬೋರ್ಡಿಂಗ್ ಪಾಸನ್ನೂ ಎತ್ತಿಟ್ಟಿದ್ದೇನೆ, ಲ್ಯಾಮಿನೇಟ್ ಮಾಡಿಸದೆ.

ಬಂದು 5 ವಾರ

ಹಡಗು ಬಂದರು ಮುಟ್ಟಿದೆ. ಪೆಟ್ಟಿಗೆಗಳನ್ನು ಬಿಡಿಸಿಕೊಳ್ಳಲು ಯಾವುದರಲ್ಲಿ ಏನಿದೆ ಎಂಬ ಪಟ್ಟಿಯನ್ನು ಸುಂಕದವರು ಕೇಳಿದ್ದಾರೆ. ಪಟ್ಟಿಯನ್ನು ಬಹಳ ಅಚ್ಚುಕಟ್ಟಾಗಿ ಬರೆದಿದ್ದೆ. ಅದು ನಾಲ್ಕನೆಯ ಪೆಟ್ಟಿಗೆಯಲ್ಲಿದೆ.