ಹೊಡೆದಿದ್ರೇ ವಾಸಿ ಇತ್ತಂತೆ

ಮೊನ್ನೆ ವಿದ್ಯಾನಗರದಲ್ಲಿ ನಮ್ಮ ಮಾಮೂಲಿ ಕಿರಾಣಿ ಅಂಗಡೀಲಿ ಬೆವರು ಒರೆಸ್ಕೊಳ್ಳೋಕೆ ಕೂಲಿಂಗ್ ಗ್ಲಾಸ್ ತೆಗೆದಿದ್ದೇ ತಡ, ಹಿಂದಿನ ಬೀದಿ ಅಜ್ಜಿ ನನ್ನ ರಟ್ಟೆ ಹಿಡ್ಕೊಂಡು ಅಕ್ಕಿ ಮೂಟೆ ಹಿಂದಕ್ಕೆ ಕರ್ಕೊಂಡ್ ಹೋತು. ದನಿ ತಗ್ಗಿಸಿ, "ಹೊಡೆದ್ನೇನವ್ವ?" ಅಂತು.

ಇಲ್ಲಜ್ಜಿ, ಆಪರೇಷನ್ ಆಗೈತೆ ಅಂದೆ. ನಂಬ್ಲಿಲ್ಲ. ಗದ್ದ ಹಿಡಿದು ಮುಖಾನ ಬೆಳಕಿಗೆ ತಿರುಗಿಸ್ಕೊಂಡು, "ಹಸಿರು ಹೋಗಿ ಹಳದಿಗೆ ಬಂದೈತೆ, ಇನ್ನು ನಾಕೈದ್ ದಿನ ಅಷ್ಟೆ, ಹೋಗುತ್ತೆ ಬಿಡು, ಯಾರ ಹತ್ರಾನೂ ಹೇಳ್ಬ್ಯಾಡ" ಅಂತು. ನಾನು ಸುಮ್ನಿದ್ದಿದ್ರೆ ಅಲ್ಲಿಗೇ ಮುಗೀತಿತ್ತು. ರೆಪ್ಪೆ ಚರ್ಮ ಜೋತು ಬಿದ್ದಿತ್ತು, ಒಂದಿಷ್ಟು ಕತ್ತರಿಸಿ ಹೊಲಿದ್ರು, ಚೆಂದ ಕಾಣ್ಲಿ ಅಂತ ನಾನೇ ಮಾಡಿಸ್ಕೊಂಡಿದ್ದು ಅಂತ ಬಿಡಿಸಿ ಹೇಳ್ದೆ. ಎಷ್ಟಾತು ಅಂತು, ಅದನ್ನೂ ಹೇಳ್ದೆ. ರಟ್ಟೆ ಮೇಲಿದ್ದ ಕೈ ತೆಗೀತು. ಈಗ ಗಲ್ಲಾದ ಹತ್ರ ಕೂತೋನಿಗೂ ಕೇಳೋ ಹಂಗೆ, "ಅಷ್ಟು ದುಡ್ಡು ಸುರಿದು ಹಿಂಗ್ ಮಾಡಿಸ್ಕೊಂಡ್ಯಾ? ಅದಕ್ಕಿಂತ ನಿನ್ ಗಂಡ ಹೊಡೆದಿದ್ರೇ ವಾಸಿ ಇತ್ತಲ್ಲೇ!"

ಅಂಗಡಿಯೋನು ನಕ್ಕ, ನಾನೂ ನಕ್ಕೆ. ಮನೆಗೆ ಬಂದ್ ಮೇಲೆ ಅದೇ ಮಾತು ತಲೇಲಿ ಸುತ್ತತಾ ಐತೆ. ಮಾತಿಗಿಂತ ಆ ದನಿ. ಹೊಡೆತ ಅಂದ್ಕೊಂಡಾಗ ಪಿಸುಪಿಸು, ಚೆಂದಕ್ಕೆ ಅಂದಾಗ ಇಡೀ ಅಂಗಡಿಗೆ ಕೇಳೋ ಹಂಗೆ.

ಆ ಬಣ್ಣದ ಲೆಕ್ಕ ಇದೆಯಲ್ಲ, ಅದರಲ್ಲಿ ಅಜ್ಜಿ ಒಂಚೂರೂ ತಪ್ಪಿಲ್ಲ. ಡಾಕ್ಟ್ರೂ ಅದನ್ನೇ ಹೇಳಿದ್ರು, ಕೊಯ್ಯೋದು ಮೇಲಿನ ರೆಪ್ಪೇನಾದ್ರೂ ಒಳಗೆ ಸೋರಿದ ರಕ್ತ ಕೆಳಗಿಳಿದು ಕೆನ್ನೆಗೂ ಬರುತ್ತೆ, ಮೊದ್ಲು ನೇರಳೆ, ಆಮೇಲೆ ಹಸಿರು, ಕೊನೆಗೆ ಹಳದಿ, ಸಾಮಾನ್ಯವಾಗಿ 10-15 ದಿನಕ್ಕೆ ಇಳಿಯುತ್ತೆ ಅಂತ. ಆ ಹಳದಿಗೆ ಕಾರಣ ಬಿಲಿರುಬಿನ್, ಅಂದ್ರೆ ರಕ್ತ ಒಡೆದಾಗ ಹುಟ್ಟೋ ಹಳದಿ ಪದಾರ್ಥ, ಕಾಮಾಲೆ ಬಂದಾಗ ಕಣ್ಣು ಹಳದಿ ಆಗೋದೂ ಅದರಿಂದ್ಲೇ. ಸರಿ, ಡಾಕ್ಟ್ರು ಓದಿ ಕಲ್ತಿದ್ದು. ಅಜ್ಜಿಗೆ ಇದು ಬಾಯಿಪಾಠ ಆಗೋಕೆ ಎಷ್ಟು ಹೆಂಗಸರ ಗದ್ದ ಹಿಡಿದು ಬೆಳಕಿಗೆ ತಿರುಗಿಸಿರ್ಬೇಕು, ಅಥ್ವಾ ಕನ್ನಡೀಲಿ ತನ್ನ ಮುಖಾನೇ ನೋಡ್ಕೊಂಡು ಕಲೀತೋ. ಆ ಮೂಟೆ ಹಿಂದೆ ಯಾರಿಗೂ ಕಾಣಲ್ಲ ಅನ್ನೋದೂ ಅದಕ್ಕೆ ಮೊದ್ಲೇ ಗೊತ್ತಿತ್ತು ನೋಡಿ.

ನನ್ನ ಗಾಯ ಸದ್ಯಕ್ಕೆ ಪರವಾಗಿಲ್ಲ. ರೆಪ್ಪೆ ಚರ್ಮ ಇಡೀ ಮೈಯಲ್ಲೇ ಎಲ್ಲಕ್ಕಿಂತ ತೆಳು, ಹೆಚ್ಚೂಕಮ್ಮಿ 0.5 ಮಿ.ಮೀ., ರಕ್ತದ ಓಡಾಟಾನೂ ಜೋರು, ಅದಕ್ಕೇ ಬೇಗ ಕೂಡುತ್ತೆ, 5ರಿಂದ 7 ದಿನಕ್ಕೆಲ್ಲ ಹೊಲಿಗೆ ಬಿಚ್ತಾರೆ. ಆದ್ರೆ ಗಾಯ ಕೂಡೋದು ಬೇರೆ, ಕಲೆ ಮಾಯೋದು ಬೇರೆ. 6-8 ವಾರ ಗೆರೆ ಕೆಂಪಗೇ ಇರುತ್ತೆ, ಒಳಗೆ ಕೊಲಾಜನ್ (ಚರ್ಮಾನ ಗಟ್ಟಿಯಾಗಿ ಹಿಡಿದಿಡೋ ನಾರು) ಹೊಂದ್ಕೊಂಡು ಪೂರ್ತಿ ತಿಳಿಯಾಗೋಕೆ ಆರು ತಿಂಗಳು, ಕೆಲವ್ರಿಗೆ ವರ್ಷ. ಕಣ್ಣು ಬಿಟ್ರೆ ಗೆರೆ ರೆಪ್ಪೆ ಮಡಿಕೆಯೊಳಗೆ ಸೇರ್ಕೊಳ್ಳುತ್ತೆ, ಹೊರಗಡೆ ತುದಿ ಮಾತ್ರ ಕಣ್ಣಿನ ಕೊನೆ ದಾಟಿ ಬಂದೈತೆ, ಅಲ್ಲೊಂದು ಕೆಂಪು ಗಂಟು, ಬೆರಳಿಟ್ರೆ ಒಳಗೆ ನೂಲು ಉಳಿದೈತೇನೋ ಅನ್ನೋ ಹಂಗೆ ಗಟ್ಟಿ. ಬೆಳಗ್ಗೆ ಬಲಗಣ್ಣು ಜಾಸ್ತಿ ಊದಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಎರಡೂ ಸಮ. ದಾವಣಗೆರೆ ಬಿಸಿಲು ಗೊತ್ತಲ್ಲ, ನಮ್ಮಂಥ ಬಣ್ಣದೋರಿಗೆ ಹೊಸ ಕಲೆ ಮೇಲೆ ಬಿಸಿಲು ಬಿದ್ರೆ ಕಪ್ಪಾಗಿ ಕೂತ್ಬಿಡುತ್ತೆ, ಆ ಗ್ಲಾಸು ಸ್ಟೈಲಿಗಲ್ಲ. ನಮ್ಮ ನಾದ್ನಿ ಅರಿಶಿನ ತುಪ್ಪ ಕಲಸ್ಕೊಂಡು ಬಂದಿದ್ಳು, ಒಳ್ಳೆ ಮನಸಿನವ್ಳೇ, ಬೇಡ ಅಂದ್ರೆ ಮಾತ್ರ ಕಿವಿಗೆ ಹಾಕ್ಕೊಳ್ಳಲ್ಲ. ಡಾಕ್ಟ್ರು ಬರೆದಿದ್ದು ಬಿಟ್ಟು ಏನೂ ಹಚ್ಚೋ ಹಂಗಿಲ್ಲ, ಗಾಯ ಪೂರ್ತಿ ಮುಚ್ಚಿದ್ ಮೇಲೆ ಕಲೆ ತಗ್ಗಲಿ ಅಂತ ಹಚ್ಚೋ ಸಿಲಿಕೋನ್ ಜೆಲ್, ಕಾಡಿಗೆ ಸದ್ಯಕ್ಕೆ ಮರೀಬೇಕು, ಕಣ್ಣು ಉಜ್ಜಂಗೇ ಇಲ್ಲ.

ಪಾಪ ನಮ್ಮನೆಯವ್ರು. ಒಂದಿನ ಕೈ ಎತ್ತಿದೋರಲ್ಲ, ಈಗ ನನ್ನ ಜೊತೆ ತರಕಾರಿಗೆ ಬಾ ಅಂದ್ರೆ ಗಾಡೀಲೇ ಕೂತಿರ್ತೀನಿ ಅಂತಾರೆ. ಜನ ನನ್ನ ಮುಖ ನೋಡಿ ಆಮೇಲೆ ಅವ್ರ ಮುಖ ನೋಡ್ತಾರಂತೆ. ನನಗೆ ಸಿಟ್ಟು ಬಂದಿದ್ದು ಅದಕ್ಕೇ, ನೋಡಿದೋರು ಒಬ್ರಾದ್ರೂ ಅವ್ರನ್ನ ಏನ್ರೀ ಇದು ಅಂತ ಕೇಳಿದ್ರಾ? ಇಲ್ಲ. ನಿಜವಾಗ್ಲೂ ಹೊಡೆದಿದ್ರೂ ಕೇಳ್ತಿರ್ಲಿಲ್ಲ. ನನಗೆ ಮಾತ್ರ ಈ ವಯಸ್ಸಲ್ಲಿ ಯಾಕೆ ಬೇಕಿತ್ತು, ಯಾರಿಗೆ ತೋರಿಸ್ಬೇಕಿತ್ತು ಅಂತ ದಿನಾ ವಿಚಾರಣೆ. ಗಂಡ ಹೊಡೆದ ಗುರುತು ಹೊತ್ಕೊಂಡ್ ಬಂದ್ರೆ ಅಯ್ಯೋ ಅಂತಾರೆ, ತಾನೇ ಇಷ್ಟಪಟ್ಟು ಮಾಡಿಸ್ಕೊಂಡ್ ಗುರುತಾದ್ರೆ ಸೊಕ್ಕು.

ತಂಗಿ ಫೋನ್ ಮಾಡಿ, ಪೊರೆ ಆಪರೇಷನ್ ಅಂತ ಹೇಳ್ಬಿಡೆ ಅಕ್ಕ, ಯಾರೂ ಬಾಯಿ ಬಿಡಲ್ಲ ಅಂದ್ಳು. ಕಾಯಿಲೆ ಆಗಿದ್ರೆ ಮರ್ಯಾದೆ, ಆಸೆ ಆಗಿದ್ರೆ ಇಲ್ಲ. ಮುಂದಿನ ತಿಂಗಳು ಚಿತ್ರದುರ್ಗದಲ್ಲಿ ಮದುವೆ ಐತೆ, ಗೆರೆ ಇನ್ನೂ ಕೆಂಪೇ ಇರುತ್ತೆ, ಕೇಳಿದೋರಿಗೆಲ್ಲ ಚೆಂದಕ್ಕೇ ಮಾಡಿಸ್ಕೊಂಡೆ ಅಂತ್ಲೇ ಹೇಳೋಳು ನಾನು, ಇವ್ರು ಬೇಕಿದ್ರೆ ಊಟದ ಪಂಕ್ತೀಲಿ ದೂರ ಕೂರ್ಲಿ.