ಟ್ರ್ಯಾಕ್ ಹಚ್ಚಿ ನುಡಿಸಿದರೆ ಅದು ಲೈವ್ ಹೆಂಗಾಗ್ತದ?

ಗೆಳೆಯನೊಬ್ಬ ಬೆಳಗಾವಿಯಲ್ಲಿ ಸ್ಯಾಕ್ಸೊಫೋನ್ ಮೇಲೆ ಜಾಝ್ ನುಡಿಸುತ್ತಾನೆ ಎಂದರೆ ಎಲ್ಲರೂ ಖುಷಿಪಡುತ್ತಾರೆ. ಬಾಸ್ (ಕೆಳಸ್ವರದ ದೊಡ್ಡ ತಂತಿವಾದ್ಯ), ಡ್ರಮ್, ಪಿಯಾನೋ ಮಾತ್ರ ಮೊದಲೇ ರೆಕಾರ್ಡ್ ಆದ ಟ್ರ್ಯಾಕ್ ಆಗಿ ಸ್ಪೀಕರ್‌ನಿಂದ ಬರುತ್ತವೆ ಎಂದ ಕೂಡಲೇ ಪ್ರಶ್ನೆ ಏಳುತ್ತದೆ: ‘ಅಂದ್ರ ಕರೋಕೆ ಅಲ್ಲೇನ್ರಿ ಅದು? ಅದನ್ನ ಕೇಳಾಕ ಅಲ್ಲಿತನಕ ಯಾಕ ಹೋಗಬೇಕು?’ ಟಿಳಕವಾಡಿಯ ಒಂದು ಮಹಡಿ ಕೋಣೆಯಲ್ಲಿ ಅವನು ನುಡಿಸಿದ ಮೇಲಂತೂ ಸಿಕ್ಕವರೆಲ್ಲ ಇದನ್ನೇ ಕೇಳುತ್ತಿದ್ದಾರೆ.

ಕರೋಕೆಯಲ್ಲಿ ಹಾಡುವವರು ಏನು ಹಾಡಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಜಾಝ್‌ನಲ್ಲಿ ಗೊತ್ತಿರುವುದು ಧಾಟಿ ಮತ್ತು ಅದರ ಕೆಳಗಿನ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಸುತ್ತು, ಅಷ್ಟೇ. ಒಂದು ಸಲ ಧಾಟಿ ನುಡಿಸಿ, ಆಮೇಲೆ ಅದೇ ಸುತ್ತಿನ ಮೇಲೆ ಆ ಗಳಿಗೆಗೆ ಹೊಳೆದದ್ದನ್ನು ನುಡಿಸುತ್ತ ಹೋಗಬೇಕು. ರಾಮಭಾವು ಬಿಜಾಪುರೆಯವರು ಹಾರ್ಮೋನಿಯಂ ಕಲಿಸಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಬಲಾ ಸೋಲೋ ಇದ್ದಾಗ ಹಾರ್ಮೋನಿಯಂ ಒಂದೇ ನಗ್ಮಾವನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತದೆ. ಕಾಯದಾ, ರೇಲಾ ಮೊದಲಾದ ತಬಲಾ ರಚನೆಗಳೆಲ್ಲ ಅದರ ಮೇಲೆ ಬೆಳೆಯುತ್ತವೆ. ಈಗ ನಮ್ಮ ಹುಡುಗರು ಅದೇ ನಗ್ಮಾವನ್ನು ಮೊಬೈಲ್‌ನಲ್ಲಿ ಹಚ್ಚಿ ರಿಯಾಝ್ ಮಾಡುತ್ತಾರೆ. ಕಛೇರಿಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡವರನ್ನು ಯಾರೂ ಲೈವ್ ಹಾಡುತ್ತಿಲ್ಲ ಎಂದು ದೂರಿದ್ದನ್ನು ನಾನು ಕೇಳಿಲ್ಲ.

ಹಾಗೆಂದು ಟ್ರ್ಯಾಕ್ ಎಲ್ಲ ವಿಷಯದಲ್ಲೂ ವಾದಕರಿಗೆ ಸಮ ಎಂದು ನಾನು ವಾದಿಸಲಾರೆ. ಅದಕ್ಕೆ ಕಿವಿ ಇಲ್ಲ. ನಿಜವಾದ ಡ್ರಮ್ಮರ್ ಇದ್ದರೆ ಇವನು ಮೆಲ್ಲಗೆ ಊದಿದಾಗ ತಾನೂ ತಗ್ಗುತ್ತಾನೆ, ಇವನು ಒಂದು ಲಯದ ತುಣುಕು ಎಸೆದರೆ ಅದನ್ನೇ ಹಿಡಿದು ತಿರುಗಿ ಕೊಡುತ್ತಾನೆ. ಟ್ರ್ಯಾಕ್‌ಗೆ ಅದು ಆಗದು. ಇನ್ನೊಂದು ಕಷ್ಟ ಸಮಯದ್ದು. ಜಾಝ್‌ನ ಎಷ್ಟೋ ಹಾಡುಗಳ ಒಂದು ಸುತ್ತಿಗೆ 32 ಬಾರ್ (ಬೀಟ್‌ಗಳ ಗುಂಪು), ಬಾರ್‌ಗೆ 4 ಬೀಟ್. ನಿಮಿಷಕ್ಕೆ 120 ಬೀಟ್‌ನ ಲಯದಲ್ಲಿ ಒಂದು ಸುತ್ತು 64 ಸೆಕೆಂಡಿಗೆ ಮುಗಿಯುತ್ತದೆ. ನಮ್ಮ ಹಿಂದುಸ್ತಾನಿಯಲ್ಲಿ ಅತಿ ವಿಲಂಬಿತ, ಅಂದರೆ ಬಹಳ ನಿಧಾನದ, ಏಕತಾಲದ ಒಂದು ಆವರ್ತನವೂ ಹೆಚ್ಚುಕಡಿಮೆ ಅಷ್ಟೇ ಉದ್ದ ಇರಬಹುದು. ಆದರೆ ಖ್ಯಾಲ್ ಹಾಡುವವರು ಮನಸ್ಸಾದರೆ ಇನ್ನೂ ನಾಲ್ಕು ಆವರ್ತನ ಬೆಳೆಸಬಹುದು. ರೆಕಾರ್ಡ್ ಆದ ಟ್ರ್ಯಾಕ್‌ನಲ್ಲಿ ಸುತ್ತುಗಳೆಷ್ಟೋ ಅಷ್ಟೇ. ಹೇಳುವುದು ಮುಗಿಯಲಿ ಬಿಡಲಿ, ಹಾಡು ಮುಗಿಯುತ್ತದೆ.

ಈ ಬಿಗಿಯೊಳಗೆ ಅವನು ಅಂದು ಮಾಡಿದ್ದನ್ನು ಕೇಳಿ. ಎರಡನೆಯ ಸುತ್ತಿನ ನಡುವೆ ವಾದ್ಯವನ್ನು ಬಾಯಿಂದ ತೆಗೆದು ಎಂಟು ಬಾರ್ ಸುಮ್ಮನೆ ನಿಂತ. ಟ್ರ್ಯಾಕ್‌ನ ಬಾಸ್ ತನ್ನ ಪಾಡಿಗೆ ಹೆಜ್ಜೆ ಹಾಕುತ್ತ ಹೋಯಿತು. ಅದುವರೆಗೆ ಸ್ಪೀಕರ್ ಕಡೆ ಗಮನವೇ ಇಲ್ಲದ ನಾವೆಲ್ಲ ಆ ಬಾಸ್ ಕೇಳಿಸಿಕೊಂಡೆವು. ಆಮೇಲೆ ಮೂರು ಸ್ವರದ ಒಂದು ತುಣುಕು ಹಿಡಿದು, ತಿರುವಿ ತಿರುವಿ, ಸುತ್ತಿನ ಕೊನೆಯನ್ನೂ ದಾಟಿಸಿ ಹೊಸ ಸುತ್ತಿನ ಎರಡನೆಯ ಬಾರ್‌ಗೆ ತಂದು ಇಳಿಸಿದ. ಹಿಂದೆ ಕುಳಿತಿದ್ದ ತಬಲಾ ಮಾಸ್ತರರು, ಸಮ್ (ತಾಳದ ಮೊದಲ ಪೆಟ್ಟು) ದಾಟಿ ಅತೀತಕ್ಕೆ ಬಂದ ತಿಹಾಯಿಗೆ (ಮೂರು ಸಲ ನುಡಿಸಿ ಮುಗಿಸುವ ತುಣುಕಿಗೆ) ಹೇಳುವ ಹಾಗೆಯೇ ‘ಕ್ಯಾ ಬಾತ್’ ಎಂದರು. ಅವನು ನಕ್ಕು ಅದೇ ತುಣುಕನ್ನು ಒಂದು ಸ್ವರ ಮೇಲೇರಿಸಿ ಅವರತ್ತ ತಿರುಗಿ ನುಡಿಸಿದ. ಡ್ರಮ್ಮರ್ ಕೊಡಬೇಕಾದ ಉತ್ತರವನ್ನು ಮಾಸ್ತರರು ಕೊಟ್ಟಿದ್ದರು. ನಾನು ಹೋಗುವುದು ಇದಕ್ಕೆ. ಟ್ರ್ಯಾಕ್ ಇಟ್ಟುಕೊಂಡು ನುಡಿಸುವವನಿಗೆ ಮರುಮಾತು ಕೊಡಲು ಆ ಕೋಣೆಯಲ್ಲಿ ಕೇಳುಗರ ಹೊರತು ಯಾರೂ ಇಲ್ಲ. ದೊಡ್ಡ ಬ್ಯಾಂಡ್ ಇದ್ದಾಗ ಹಿಂದೆ ಒರಗಿ ಕೂರಬಹುದು. ಇಲ್ಲಿ ನಮಗೂ ಪಾಲಿದೆ.

‘ಹಂಗಾರ ಒಂದು ಬ್ಯಾಂಡ್ ಕಟ್ಟಬಾರದೇನು?’ ಎಂದೂ ಕೇಳುತ್ತಾರೆ. ಅವನಿಗೂ ಅದೇ ಆಸೆ. ನಮ್ಮಲ್ಲಿ ತಬಲಾ, ಹಾರ್ಮೋನಿಯಂ ನುಡಿಸುವವರು ಬೇಕಾದಷ್ಟು ಮಂದಿ; ನಿಂತು ನುಡಿಸುವ ಆ ದೊಡ್ಡ ಬಾಸ್ ಇಟ್ಟವರನ್ನು ಅವನು ಇನ್ನೂ ಹುಡುಕುತ್ತಿದ್ದಾನೆ. ಚೋರ್ಲಾ ಘಾಟ್ ಇಳಿದರೆ ಗೋವಾ. ಮುಂಬೈಯ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಹಿಂದಿ ಸಿನಿಮಾದ ಆರ್ಕೆಸ್ಟ್ರಾಗಳನ್ನು ತುಂಬಿದವರ ನಾಡು ಅದು. ಆದರೆ ಅಲ್ಲಿಂದ ಮೂವರನ್ನು ಕರೆಸಿ, ಉಳಿಸಿ, ಸಂಭಾವನೆ ಕೊಡುವಷ್ಟು ದುಡ್ಡು ಮೂವತ್ತು ಕುರ್ಚಿಯ ಕೋಣೆಯಲ್ಲಿ ಹುಟ್ಟುವುದಿಲ್ಲ.

ಅವನು ಬಳಸುವುದು ಅಮೆರಿಕದ ಸ್ಯಾಕ್ಸೊಫೋನ್ ವಾದಕ, ಶಿಕ್ಷಕ ಜೇಮೀ ಎಬರ್‌ಸೋಲ್ಡ್ 1967ರಲ್ಲಿ ಶುರುಮಾಡಿದ ಮಾಲಿಕೆಯ ಟ್ರ್ಯಾಕ್‌ಗಳನ್ನು. ಅವುಗಳಲ್ಲಿ ನುಡಿಸಿದವರು ಮನುಷ್ಯರೇ. ಒಂದು ಸಂಪುಟದಲ್ಲಿ ಬಾಸ್ ಹಿಡಿದವರು ಜಾಝ್‌ನ ಹೆಸರಾಂತ ಬಾಸ್ ವಾದಕ ರಾನ್ ಕಾರ್ಟರ್! ಸ್ಟೀರಿಯೋದ ಒಂದು ಬದಿಗೆ ಬಾಸ್, ಇನ್ನೊಂದು ಬದಿಗೆ ಪಿಯಾನೋ, ಡ್ರಮ್ ಎರಡೂ ಕಡೆ. ಬ್ಯಾಲೆನ್ಸ್ ತಿರುಗಿಸಿದರೆ ಪಿಯಾನೋ ಪೂರ್ತಿ ಹೋಗುತ್ತದೆ, ಆ ಜಾಗಕ್ಕೆ ಯಾರಾದರೂ ಬಂದು ಕೂರಬಹುದು. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಆ ಸಂಜೆ ಬಂದಿದ್ದ. ಕಾರ್ಯಕ್ರಮ ಮುಗಿದ ಮೇಲೆ ‘ಅಣ್ಣಾ, ಕಾರ್ಡ್ ಬರದು ಕೊಡ್ರಿ, ನಾ ಕೂಡ್ತೀನಿ’ ಎಂದು ಹಾಳೆ ಇಸಕೊಂಡು ಹೋಗಿದ್ದಾನೆ. ಈಗ ಇಬ್ಬರೂ ಕೂಡಿ ತಾಲೀಮು ನಡೆಸಿದ್ದಾರೆ.