ಇಸಿಎಂ ಮೇಲೆ ಕೂರಿಸಿದ ಗೂಬೆ

14 ಜೂನ್ 2025, ಶನಿವಾರ

ಕಾರಿನ ‘ಇಸಿಎಂ ಹೋಗಿದೆ’, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ ಕೆಟ್ಟಿದೆ ಎಂದು ಗ್ಯಾರೇಜಿನವರು ಹೇಳಿದಾಗಿನಿಂದ ಭಾವನಿಗೆ ನಿದ್ದೆಯಿಲ್ಲ. ಆಕ್ಸಿಲರೇಟರ್ ತುಳಿದರೂ ಎಂಜಿನ್ ಏರುವುದಿಲ್ಲ, ಸ್ಕ್ಯಾನರ್ ಹಾಕಿದರೆ ಮೂರು ಸೆನ್ಸರ್‌ಗಳ ದೋಷ. ಅಷ್ಟಕ್ಕೇ ತೀರ್ಪು. ಹೊಸ ಪೆಟ್ಟಿಗೆಗೆ ಮುಂಗಡ ಕೊಡಲು ಹೊರಟವರನ್ನು ತಡೆದು ವೈರಿಂಗ್ ಮೇಷ್ಟ್ರ ಬಳಿ ಕರೆದೊಯ್ದೆ.

“ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸೆನ್ಸರ್‌ಗಳು ಒಟ್ಟಿಗೇ ಸಾಯುತ್ತವೆಯೇ ಸ್ವಾಮಿ?” ಮೇಷ್ಟ್ರ ಮೊದಲ ಪ್ರಶ್ನೆಯೇ ಇದು. ಭಾವ ನನ್ನ ಮುಖ ನೋಡಿದರು.

ಮೇಷ್ಟ್ರು ಮಾತಿಗಿಳಿದರೆ ನಿಲ್ಲುವವರಲ್ಲ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎಲ್ಲಿದೆ, ಎಷ್ಟು ಗಾಳಿ ಒಳಬಂತು, ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ಸೆನ್ಸರ್‌ಗಳು ಹೇಳಬೇಕು. ಅದನ್ನು ನಂಬಿ ಇಸಿಎಂ ತನ್ನೊಳಗಿನ ಕೋಷ್ಟಕ ನೋಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು, ಕಿಡಿ ಯಾವಾಗ ಹಾರಬೇಕು ಎಂದು ನಿರ್ಧರಿಸುತ್ತದೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ 10 ಮಿಲಿಸೆಕೆಂಡಿಗೊಂದು ಕಿಡಿ! ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳುತ್ತದೆ. ಅದರ ಗುರಿ, ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ.

ವಿಷಯ ಇರುವುದು ಮುಂದೆ. ಹಲವು ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತದೆ, ಒಂದೇ ಸಾಲನ್ನು ಮೂರ್ನಾಲ್ಕು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ. ಮೀಟರ್ ಇಟ್ಟರೆ ಅಲ್ಲಿ ಅರ್ಧ ವೋಲ್ಟೂ ಇರಲಿಲ್ಲ. ಒಂದೊಂದೇ ಪ್ಲಗ್ ಕಳಚುತ್ತ ಹೋದರು. ಎಸಿ ಪ್ರೆಶರ್ ಸೆನ್ಸರ್‌ನ ಪ್ಲಗ್ ತೆಗೆದ ತಕ್ಷಣ ಮೀಟರಿನಲ್ಲಿ 5. ಅದು ಒಳಗೇ ಶಾರ್ಟ್ ಆಗಿ ಜೊತೆಯವರನ್ನೂ ಮಲಗಿಸಿತ್ತು.

“ಎಸಿಗೂ ಎಂಜಿನ್ನಿಗೂ ಎಲ್ಲಿಯ ನಂಟು?” ಎಂದು ಭಾವ ನಕ್ಕರು. ನನಗೆ ನಗು ಬರಲಿಲ್ಲ. ದೂರು ಏನೆಂದು ಸ್ಕ್ಯಾನರ್ ಹೇಳುತ್ತದೆ, ತಪ್ಪು ಯಾರದೆಂದು ಹೇಳುವುದಿಲ್ಲ. ಮೀಟರ್ ಮುಟ್ಟದೆಯೇ ಇಷ್ಟು ದುಬಾರಿ ಪೆಟ್ಟಿಗೆಯ ಮೇಲೆ ಗೂಬೆ ಕೂರಿಸಲು ಹೇಗೆ ಮನಸ್ಸು ಬರುತ್ತದೆ?

ಹಾಗೆಂದು ಅದು ಕೆಡುವುದೇ ಇಲ್ಲವೆಂದಲ್ಲ. ಮೇಷ್ಟ್ರ ಮೇಜಿನ ಮೇಲೆ ಬಿಚ್ಚಿಟ್ಟ ಪೆಟ್ಟಿಗೆಗಳಿದ್ದವು. ಒಂದರಲ್ಲಿ ನೀರು ನುಗ್ಗಿ ಪಿನ್ನುಗಳು ಹಸಿರುಗಟ್ಟಿದ್ದವು. ಇನ್ನೊಂದರಲ್ಲಿ ಕಿಡಿ ಹಾರಿಸುವ ಇಗ್ನಿಷನ್ ಕಾಯಿಲ್ ಶಾರ್ಟ್ ಆಗಿ, ಅದನ್ನು ನಡೆಸುವ ಟ್ರಾನ್ಸಿಸ್ಟರ್ ಸುಟ್ಟಿತ್ತು. ಕಾಯಿಲ್ ಬದಲಿಸದೆ ಹೊಸ ಇಸಿಎಂ ಕೂರಿಸಿದರೆ ಅದೂ ಸುಡುತ್ತದಂತೆ. ಬೇರೆ ಕಾರಿನ ಇಸಿಎಂ ತಂದರೆ, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಲಿಯನ್ನು ಗುರುತಿಸುವುದಿಲ್ಲ, ಎಂಜಿನ್ ಹತ್ತುವುದೇ ಇಲ್ಲ.

ಮೂರನೆಯದು ವಿಚಿತ್ರ. ಬಿಸಿಯಾಗಿ ತಣ್ಣಗಾಗಿ, ಅದುರಿ ಅದುರಿ ಬೆಸುಗೆಯಲ್ಲಿ ಬರಿಗಣ್ಣಿಗೆ ಕಾಣದ ಬಿರುಕು. ತಣ್ಣಗಿದ್ದಾಗ ಎಲ್ಲ ಸರಿ, ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ಬಂದ್. ಅದನ್ನು ಮೇಜಿನ ಮೇಲಿಟ್ಟು ಹೇಗೆ ಪತ್ತೆ ಹಚ್ಚಿದಿರಿ ಎಂದು ಕೇಳುವಷ್ಟರಲ್ಲಿ ಭಾವ ಕಾರು ಹೊರಡಿಸಿಬಿಟ್ಟರು. ಬಹುಶಃ ಬಿಸಿಗಾಳಿ ಊದಿ ನೋಡುತ್ತಾರೇನೋ, ಆದರೆ ಅಷ್ಟು ಹೊತ್ತು ಎಂಜಿನ್ ಇಲ್ಲದೆ ಕ್ರ್ಯಾಂಕ್ ಸಂಕೇತವನ್ನು ಅದಕ್ಕೆ ಎಲ್ಲಿಂದ ಕೊಡುತ್ತಾರೋ!